ತಾಲ್ಲೂಕು ಕೋರ್ಟಿನ ನ್ಯಾಯಾಧೀಶರ ಮೇಲೆ ದೂರು ಕೊಡುವುದು ಎಲ್ಲಿ, ಹೇಗೆ?

ಹೇಮಾವತಿ ದಡ

ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಯಾವ ತಾಲ್ಲೂಕು ಅಂತ ದಯವಿಟ್ಟು ಕೇಳಬೇಡಿ. ದೊಡ್ಡಪ್ಪನ ಮಕ್ಕಳ ಜೊತೆ ಜಮೀನು ಪಾಲಿನ ದಾವೆ ನಡೆಯುತ್ತಿದೆ. ಹೋದ ತಿಂಗಳು ನಮ್ಮ ಅಮ್ಮ ಸಾಕ್ಷಿ ಹೇಳಲು ಕಟಕಟೆ ಹತ್ತಿದರು. ಪಾಟೀಸವಾಲಿನಲ್ಲಿ ಎದುರು ವಕೀಲರು ಏನೋ ಕೇಳಿದರು. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಇನ್ನೊಂದು ಸಲ ಹೇಳಿ ಸ್ವಾಮಿ ಅಂದರು. ಅಷ್ಟಕ್ಕೆ ನ್ಯಾಯಾಧೀಶರು ಏಕವಚನದಲ್ಲಿ ಶುರು ಮಾಡಿದರು. ‘ನಾಟಕ ಆಡಬೇಡ, ಮಗ ಹೇಳಿಕೊಟ್ಟಿದ್ದು ಮರೆತುಹೋಯಿತಾ’ ಅಂತ, ತುಂಬಿದ ಕೋರ್ಟಿನಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಮನೆಗೆ ಬಂದು ಊಟ ಮಾಡಲಿಲ್ಲ.

ಇದಕ್ಕೂ ಮೊದಲೇ ನಮ್ಮ ತಡೆಯಾಜ್ಞೆ ಅರ್ಜಿ ವಜಾ ಆಗಿತ್ತು. ಎದುರು ವಕೀಲರೂ ಸಾಹೇಬರೂ ತುಂಬಾ ಬೇಕಾದವರು ಅಂತ ಕೋರ್ಟ್ ಮುಂದಿನ ಟೀ ಅಂಗಡಿಯಲ್ಲಿ ಮಾತಿದೆ. ಮುಖ್ಯಮಂತ್ರಿ, ಲೋಕಾಯುಕ್ತ, ಮಾನವ ಹಕ್ಕುಗಳ ಆಯೋಗ, ಮೂರು ಕಡೆಗೂ ಮೂಗರ್ಜಿ ಹಾಕೋಣ ಅಂತ ನಮ್ಮ ಭಾವ ಹೇಳುತ್ತಿದ್ದಾರೆ. ಹೆಸರು ಹಾಕಿದರೆ ಕೇಸು ಕೆಡುತ್ತದೆ ಅನ್ನುವ ಭಯ. ಗೊತ್ತಿರುವವರು ದಾರಿ ಹೇಳಿ.

ಕಾಫಿ ಕಣ, ಮೂಡಿಗೆರೆ

ಸುಮ್ನಿರಿ ಅಣ್ಣ. ಜಡ್ಜ್ ಮೇಲೆ ದೂರು ಕೊಟ್ಟು ಬದುಕಿದವರು ಯಾರಿದ್ದಾರೆ? ನ್ಯಾಯಾಂಗ ನಿಂದನೆ ಅಂತ ನಿಮ್ಮನ್ನೇ ಒಳಗೆ ಹಾಕುತ್ತಾರೆ.

ಕರಿಕೋಟು, ಹಾಸನ

ಕಾಫಿಯವರೇ, ಹೆದರಿಸಬೇಡಿ. ನಿಂದನೆ ಕಾಯ್ದೆಯನ್ನೇ ತೆಗೆದು ನೋಡಿ, 1971ರದ್ದು, 6ನೇ ಸೆಕ್ಷನ್. ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೆ ಹೇಳಿಕೊಂಡರೆ ಅದು ನಿಂದನೆ ಅಲ್ಲ ಅಂತ ನೇರವಾಗಿ ಬರೆದಿದೆ. ಆದರೆ ಅದೇ ಮಾತನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರೆ, ಕರಪತ್ರ ಹಂಚಿದರೆ ಆ ರಕ್ಷಣೆ ಸಿಗುವುದಿಲ್ಲ. ಹೇಳುವ ಜಾಗ ಮುಖ್ಯ.

ಹೇಮಾವತಿಯವರೇ, ನೀವು ಮೂರು ಬೇರೆ ಬೇರೆ ವಿಷಯ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ, ಮೊದಲು ಅದನ್ನು ಬಿಚ್ಚಿ. ತಡೆಯಾಜ್ಞೆ ಅರ್ಜಿ ವಜಾ ಆಗಿದ್ದು ಆದೇಶ. ಅದು ತಪ್ಪಿದ್ದರೆ ಮೇಲ್ಮನವಿ ಇದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 43ನೇ ಆದೇಶದ ಕೆಳಗೆ, 30 ದಿನದೊಳಗೆ. ಅವಧಿ ಮೀರಿದ್ದರೆ ವಿಳಂಬ ಮನ್ನಾ ಅರ್ಜಿ ಜೊತೆಗೆ ಹಾಕಬೇಕು. ಇದನ್ನು ದೂರಿನಲ್ಲಿ ಬರೆದರೆ ಓದಿದವರು ‘ಸೋತವನ ಸಿಟ್ಟು’ ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಟೀ ಅಂಗಡಿ ಮಾತು ಯಾವ ಕಡೆಗೂ ಸಲ್ಲುವುದಿಲ್ಲ, ಅದನ್ನು ಅಲ್ಲೇ ಬಿಟ್ಟುಬನ್ನಿ. ಉಳಿದಿದ್ದು ಅಮ್ಮನ ಜೊತೆ ನಡೆದುಕೊಂಡ ರೀತಿ. ಅದು ನಡತೆ. ಅದಕ್ಕೆ ಮಾತ್ರ ದೂರು.

ಮುಖ್ಯಮಂತ್ರಿಗೆ ಬರೆದು ಏನೂ ಪ್ರಯೋಜನವಿಲ್ಲ. ಕೆಳಗಿನ ಕೋರ್ಟುಗಳ ಮೇಲಿನ ಹತೋಟಿ ಪೂರ್ತಿ ಹೈಕೋರ್ಟಿನದು, ಸಂವಿಧಾನದ 235ನೇ ವಿಧಿ. ಸರ್ಕಾರ ನ್ಯಾಯಾಧೀಶರ ಮೇಲೆ ವಿಚಾರಣೆ ನಡೆಸುವ ಹಾಗಿಲ್ಲ, ನಡೆಸಬಾರದು ಕೂಡ. ನಾಳೆ ಸರ್ಕಾರದ ಮೇಲೆ ಕೇಸು ಹಾಕಿದರೆ ಅದೇ ನ್ಯಾಯಾಧೀಶರು ತಾನೇ ಕೂತು ಕೇಳಬೇಕು? ಲೋಕಾಯುಕ್ತರ ವ್ಯಾಪ್ತಿಗೂ ನ್ಯಾಯಾಧೀಶರು ಬರುವುದಿಲ್ಲ. ನಿಮ್ಮ ಅರ್ಜಿ ಹೋಗಬೇಕಾದ್ದು ಬೆಂಗಳೂರಿನ ಹೈಕೋರ್ಟಿಗೆ, ಅಲ್ಲಿ ಜಾಗೃತ ವಿಭಾಗದ ರಿಜಿಸ್ಟ್ರಾರ್ ಅಂತ ಇದ್ದಾರೆ. ವಿಜಿಲೆನ್ಸ್ ಅಂತಲೇ ಎಲ್ಲರೂ ಕರೆಯುವುದು.

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು

ಕರಿಕೋಟು ಸಾಹೇಬರು ಸರಿಯಾಗಿ ಹೇಳಿದ್ದಾರೆ. ನನ್ನ ಸರ್ವಿಸ್ ಪೂರ್ತಿ ಕೋರ್ಟ್ ಕಚೇರಿಯಲ್ಲೇ ಕಳೆದಿದೆ. ಮೂಗರ್ಜಿ ವಿಷಯ ನಾನು ಹೇಳುತ್ತೇನೆ.

ಮೊದಲೆಲ್ಲ ಮೂಗರ್ಜಿಗಳ ಕಾಟ ವಿಪರೀತ. ಕೇಸು ಸೋತವರು ಬರೆಯುತ್ತಿದ್ದರು, ವರ್ಗಾವಣೆ ಬೇಡದ ಗುಮಾಸ್ತರು ಬರೆಯುತ್ತಿದ್ದರು, ಹೇಳಿದ ಹಾಗೆ ಕೇಳದ ನ್ಯಾಯಾಧೀಶರ ಮೇಲೆ ವಕೀಲರೇ ಇನ್ನೊಬ್ಬರ ಕೈಯಲ್ಲಿ ಬರೆಸುತ್ತಿದ್ದರು. ಬಡ್ತಿ ಹೊತ್ತಿಗೆ ಸರಿಯಾಗಿ ಒಂದು ಕಾರ್ಡ್ ಬಂದು ಬೀಳುತ್ತಿತ್ತು. ಒಳ್ಳೆಯ ಅಧಿಕಾರಿಗಳು ಜಾಮೀನು ಕೊಡಲು ಹೆದರುವ ಪರಿಸ್ಥಿತಿ, ಕೊಟ್ಟರೆ ದುಡ್ಡು ತಿಂದ ಅಂತ ಅರ್ಜಿ ಹೋಗುತ್ತದಲ್ಲ ಅಂತ.

2014ರ ಅಕ್ಟೋಬರ್‌ನಲ್ಲಿ ದೇಶದ ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರು ಎಲ್ಲ ಹೈಕೋರ್ಟುಗಳಿಗೆ ಪತ್ರ ಬರೆದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ, ಕಡೂರು, ಬೀರೂರು ಕಡೆ ಓದಿದವರು. ಕೆಳಗಿನ ಕೋರ್ಟಿನ ನ್ಯಾಯಾಧೀಶರ ಮೇಲಿನ ದೂರಿಗೆ ಪ್ರಮಾಣ ಮಾಡಿದ ಅಫಿಡವಿಟ್ ಇರಬೇಕು, ಪರಿಶೀಲಿಸಬಹುದಾದ ಆಧಾರ ಇರಬೇಕು, ಇಲ್ಲದಿದ್ದರೆ ಅದನ್ನು ತೆಗೆದುಕೊಳ್ಳಬೇಡಿ ಅಂತ. ಅದೇ ಈಗ ನಡೆಯುತ್ತಿರುವುದು. ನಿಮ್ಮ ಭಾವ ಬರೆಯುವ ಮೂಗರ್ಜಿಗೆ ಒಂದು ಅಂಚೆ ಚೀಟಿ ದಂಡ, ಅಷ್ಟೇ.

ಅಫಿಡವಿಟ್ ಜೊತೆ ಹೋದರೆ ಏನಾಗುತ್ತದೆ ಅಂದರೆ, ಮೊದಲು ಇದು ಆದೇಶದ ಬಗ್ಗೆಯೋ ನಡತೆಯ ಬಗ್ಗೆಯೋ ಅಂತ ನೋಡುತ್ತಾರೆ. ಹುರುಳಿದೆ ಅನಿಸಿದರೆ ಆ ಅಧಿಕಾರಿಯಿಂದ ವಿವರಣೆ ಕೇಳಬಹುದು, ಗುಟ್ಟಾಗಿ ಪ್ರಾಥಮಿಕ ವಿಚಾರಣೆ ಮಾಡಿಸಬಹುದು. ಪ್ರತಿ ಜಿಲ್ಲೆಗೂ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಆಡಳಿತದ ಉಸ್ತುವಾರಿ ಇರುತ್ತಾರೆ, ಅವರ ಕಿವಿಗೂ ಹೋಗುತ್ತದೆ. ನಿಜ ಅಂತ ಕಂಡರೆ ದೋಷಾರೋಪ ಪಟ್ಟಿ, ವಿಚಾರಣಾಧಿಕಾರಿ, ಸಾಕ್ಷಿ, ಪಾಟೀಸವಾಲು, ಬೇರೆ ಸರ್ಕಾರಿ ನೌಕರರಿಗೆ ಹೇಗೋ ಹಾಗೆ ಇಲಾಖಾ ವಿಚಾರಣೆ. ಕೆಲಸದಿಂದ ತೆಗೆಯುವ ಮಟ್ಟಕ್ಕೆ ಹೋದರೆ ಹೈಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಕೂರುವ ಸಭೆಗೆ ಬರುತ್ತದೆ. ಆಪಾದಿತರಿಗೆ 311ನೇ ವಿಧಿಯ ರಕ್ಷಣೆ ಇದೆ, ಮಾತು ಕೇಳದೆ ತೆಗೆಯುವ ಹಾಗಿಲ್ಲ. ಎಚ್ಚರಿಕೆ ಕೊಟ್ಟು ಬಿಡುವುದರಿಂದ ಹಿಡಿದು ಬಡ್ತಿ ಕಡಿತ, ಕಡ್ಡಾಯ ನಿವೃತ್ತಿ, ವಜಾ ತನಕ ಶಿಕ್ಷೆ ಇದೆ.

ಕಾಫಿ ಕಣ, ಮೂಡಿಗೆರೆ

ಶಿರಸ್ತೇದಾರರೇ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಅಫಿಡವಿಟ್ ನಿಯಮದಿಂದ ಒಳ್ಳೆಯ ನ್ಯಾಯಾಧೀಶರಿಗೆ ಅನುಕೂಲ ಆಯಿತು, ಸರಿ. ಈ ಅಮ್ಮನಿಗೆ ಏನು ಅನುಕೂಲ ಆಯಿತು? ಅವರ ಹೆಸರು, ವಿಳಾಸ, ಸಹಿ ಎಲ್ಲ ಇರುವ ಕಾಗದದ ಮೇಲೆ ಅದೇ ನ್ಯಾಯಾಧೀಶರಿಂದ ವಿವರಣೆ ಕೇಳುತ್ತಾರೆ. ಮುಂದಿನ ವಾಯಿದೆಗೆ ಅದೇ ಅಮ್ಮ ಅದೇ ಕಟಕಟೆಯಲ್ಲಿ ನಿಲ್ಲಬೇಕು. ಯಾರಿಗೆ ಧೈರ್ಯ ಬರುತ್ತದೆ? ಬೆಂಗಳೂರಿನಲ್ಲಿ ಕೂತು ಬರೆದ ನಿಯಮ ತಾಲ್ಲೂಕು ಕೋರ್ಟಿನ ಬೆಂಚಿನ ಮೇಲೆ ಕೂತು ಕಾಯುವವರಿಗೆ ಹೊಂದುವುದಿಲ್ಲ.

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು

ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಒಂದು ಕಿಂಡಿ ಇದೆ. ಆರೋಪ ಗಂಭೀರವಾಗಿದ್ದು ಅಫಿಡವಿಟ್ ಇಲ್ಲದಿದ್ದರೆ ದೂರುದಾರರಿಂದ ಅದನ್ನು ಕೇಳಿ ತರಿಸಿಕೊಳ್ಳಬಹುದು. ಅಂದರೆ ಹೆಸರಿರುವ, ವಿಳಾಸ ಇರುವ ಅರ್ಜಿ ಪೂರ್ತಿ ಕಸದ ಬುಟ್ಟಿಗೆ ಹೋಗಲೇಬೇಕು ಅಂತಿಲ್ಲ. ಇನ್ನು ಸೇಡಿನ ಭಯ ಇದ್ದರೆ ಕೇಸನ್ನೇ ಬೇರೆ ಕೋರ್ಟಿಗೆ ವರ್ಗಾಯಿಸಿ ಅಂತ ಜಿಲ್ಲಾ ನ್ಯಾಯಾಧೀಶರನ್ನು ಕೇಳುವ ದಾರಿ ಇದೆ, ಸಿವಿಲ್ ಸಂಹಿತೆಯ 24ನೇ ಸೆಕ್ಷನ್.

ಕಾನೂನು ಓದುವ ಹುಡುಗಿ

ಹಾಸನದಲ್ಲೇ ಓದುತ್ತಿದ್ದೇನೆ. ಆದೇಶ ಬೇರೆ, ನಡತೆ ಬೇರೆ ಅಂತ ಕರಿಕೋಟು ಸರ್ ಹೇಳಿದ್ದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ಇವೆ. 1988ರ ಈಶ್ವರ್ ಚಂದ್ ಜೈನ್ ಪ್ರಕರಣದಲ್ಲಿ, ಪ್ರಾಮಾಣಿಕ ನ್ಯಾಯಾಧೀಶರನ್ನು ಸುಳ್ಳು ದೂರುಗಳಿಂದ ಕಾಪಾಡುವುದು ಹೈಕೋರ್ಟಿನ ಕೆಲಸ ಅಂತ ಹೇಳಿದೆ. 2019ರ ಕೃಷ್ಣ ಪ್ರಸಾದ್ ವರ್ಮ ಪ್ರಕರಣದಲ್ಲಿ, ಆದೇಶ ತಪ್ಪಾಗಿದೆ ಅನ್ನುವ ಒಂದೇ ಕಾರಣಕ್ಕೆ ಶಿಸ್ತುಕ್ರಮ ಬೇಡ, ಹೊರಗಿನ ಪ್ರಭಾವಕ್ಕೆ ಒಳಗಾದ ಸೂಚನೆ ಇದ್ದರೆ ಮಾತ್ರ ಕೈಹಾಕಿ ಅಂತ.

ಹಾಗಂತ ಕೆಳಗಿನ ಕೋರ್ಟಿನವರಿಗೆ ಶಿಕ್ಷೆ ಆಗುವುದೇ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕರ್ನಾಟಕದ್ದೇ ಒಂದು ಕೇಸಿದೆ. ಒಬ್ಬ ಸಿವಿಲ್ ನ್ಯಾಯಾಧೀಶರು ತೀರ್ಪು ಪೂರ್ತಿ ಬರೆಸಿರಲಿಲ್ಲ, ಕೊನೆಯ ಸಾಲು ಮಾತ್ರ ತೆರೆದ ನ್ಯಾಯಾಲಯದಲ್ಲಿ ಓದಿ ಹೇಳಿಬಿಡುತ್ತಿದ್ದರು. ಯಾರು ಗೆದ್ದರು ಅಂತ ಗೊತ್ತು, ಯಾಕೆ ಅಂತ ಕಾಗದವೇ ಇಲ್ಲ! ಅವರನ್ನು ಕೆಲಸದಿಂದ ತೆಗೆದರು. ಹೈಕೋರ್ಟಿನ ಪೀಠ ಅದನ್ನು ರದ್ದು ಮಾಡಿತು, ಸ್ಟೆನೋಗ್ರಾಫರ್ ಸರಿ ಇರಲಿಲ್ಲ ಅನ್ನುವ ಅವರ ವಾದಕ್ಕೆ ಬೆಲೆ ಕೊಟ್ಟು. ಹೈಕೋರ್ಟಿನ ಆಡಳಿತ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವಜಾವನ್ನೇ ಎತ್ತಿಹಿಡಿಯಿತು. ಅವರು ಕೊಟ್ಟ ತೀರ್ಪು ಸರಿಯೋ ತಪ್ಪೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ ನೋಡಿ. ಕೆಲಸ ಮಾಡಿದ ರೀತಿಯೇ ಪ್ರಶ್ನೆ.

ಶೃಂಗೇರಿ ಕಡೆಯವ

ಅದೆಲ್ಲ ಸರಿ ಮಾರಾಯ್ರೆ. ತಾಲ್ಲೂಕಿನ ಬಡಪಾಯಿ ನ್ಯಾಯಾಧೀಶರಿಗೆ ಇಷ್ಟೆಲ್ಲ ವಿಚಾರಣೆ. ಮೇಲೆ ಕೂತವರಿಗೆ? ಹೈಕೋರ್ಟಿನವರ ಮೇಲೆ ದೂರು ಅಂದರೆ ಏನು ಮಾಡುತ್ತಾರೆ?

ಕರಿಕೋಟು, ಹಾಸನ

ಅಲ್ಲಿ ಕಥೆಯೇ ಬೇರೆ. ಸಂಜೆ ಸ್ವಲ್ಪ ಬಿಡುವಿದೆ, ಉದ್ದ ಬರೆಯುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಮೇಲಧಿಕಾರಿ ಅಂತ ಯಾರೂ ಇಲ್ಲ. ಅವರನ್ನು ತೆಗೆಯುವುದು ಸಂಸತ್ತು ಮಾತ್ರ, 124ನೇ ವಿಧಿ. ಹೈಕೋರ್ಟಿನವರಿಗೂ ಅದೇ ದಾರಿ. 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆ ಪ್ರಕಾರ ಲೋಕಸಭೆಯ 100 ಸದಸ್ಯರು ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು, ಸ್ಪೀಕರ್ ಅಥವಾ ಸಭಾಪತಿ ಒಪ್ಪಬೇಕು, ಮೂವರ ಸಮಿತಿ ವಿಚಾರಣೆ ನಡೆಸಬೇಕು, ಸಮಿತಿ ತಪ್ಪಿತಸ್ಥ ಅಂದರೆ ಆಮೇಲೆ ಎರಡೂ ಸದನದಲ್ಲಿ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಬರಬೇಕು. ಪತ್ರಿಕೆಯವರು ವಾಗ್ದಂಡನೆ ಅಂತ ಬರೆಯುವುದು ಇದನ್ನೇ.

1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲೆ ಇದು ಲೋಕಸಭೆಗೆ ಬಂತು. ವಿಚಾರಣಾ ಸಮಿತಿ ಹಲವು ಆರೋಪ ಸಾಬೀತಾಗಿವೆ ಅಂದಿತ್ತು. ಪರವಾಗಿ 196 ಮತ. ವಿರುದ್ಧ ಒಂದೂ ಇಲ್ಲ. ಆದರೆ 205 ಮಂದಿ ಮತವನ್ನೇ ಹಾಕಲಿಲ್ಲ, ಬಿದ್ದುಹೋಯಿತು. ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರ ಮೇಲೆ 2011ರ ಆಗಸ್ಟ್‌ನಲ್ಲಿ ರಾಜ್ಯಸಭೆ ನಿರ್ಣಯ ಪಾಸು ಮಾಡಿತು, ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಡಿ. ದಿನಕರನ್ ನೆನಪಿದೆಯಾ? ತಮಿಳುನಾಡಿನಲ್ಲಿ ಜಮೀನು ಒತ್ತುವರಿ ಆರೋಪ, ಬೆಂಗಳೂರಿನಲ್ಲಿ ವಕೀಲರ ಗಲಾಟೆ. ಅವರನ್ನು ಸಿಕ್ಕಿಂಗೆ ಕಳಿಸಿದರು. ರಾಜ್ಯಸಭೆಯ ಸಮಿತಿ ವಿಚಾರಣೆ ಮುಗಿಸುವ ಮೊದಲು 2011ರ ಜುಲೈನಲ್ಲಿ ರಾಜೀನಾಮೆ. ಅಲ್ಲಿಗೆ ವಿಚಾರಣೆ ನಿಂತಿತು. ಆರೋಪ ನಿಜವೋ ಸುಳ್ಳೋ, ಆ ಸಮಿತಿಯಿಂದ ಉತ್ತರ ಬರಲೇ ಇಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿ ನಮಗೆ ಬೇಡ ಅಂದರೆ ಸಿಕ್ಕಿಂ ಜನರಿಗೆ ಬೇಕಾ? ಆಗಲೂ ಈಗಲೂ ನನಗೆ ಅರ್ಥವಾಗದ ಪರಿಹಾರ ಅದು.

ಕಾನೂನು ಓದುವ ಹುಡುಗಿ

ಸರ್, ಸಂಸತ್ತಿನ ದಾರಿ ಒಂದೇ ಅಲ್ಲವಲ್ಲ. ಆಂತರಿಕ ವಿಧಾನ ಇದೆ. 1997ರಲ್ಲಿ ನ್ಯಾಯಮೂರ್ತಿಗಳು ಹೇಗಿರಬೇಕು ಅಂತ 16 ಅಂಶದ ನೀತಿ ಒಪ್ಪಿಕೊಂಡರು. ಅದರಲ್ಲಿ ವಕೀಲರ ಜೊತೆ, ಅದರಲ್ಲೂ ಅದೇ ಕೋರ್ಟಿನ ವಕೀಲರ ಜೊತೆ ಹೆಚ್ಚು ಒಡನಾಟ ಬೇಡ ಅಂತಲೂ ಇದೆ. 1999ರ ಡಿಸೆಂಬರ್‌ನಲ್ಲಿ ದೂರು ವಿಚಾರಿಸುವ ವಿಧಾನವನ್ನೂ ಒಪ್ಪಿದರು. ದೂರು ರಾಷ್ಟ್ರಪತಿಗೆ ಬರಲಿ, ದೇಶದ ಮುಖ್ಯ ನ್ಯಾಯಮೂರ್ತಿಗೆ ಬರಲಿ, ಆಯಾ ಹೈಕೋರ್ಟಿಗೆ ಬರಲಿ, ಹುರುಳಿಲ್ಲದಿದ್ದರೆ ಕೈಬಿಡುತ್ತಾರೆ. ಹುರುಳಿದ್ದರೆ ಆ ನ್ಯಾಯಮೂರ್ತಿಯ ಉತ್ತರ ಪಡೆದು, ಅದೂ ಸಾಲದಿದ್ದರೆ ಮೂವರ ಸಮಿತಿ. ಹೈಕೋರ್ಟ್ ನ್ಯಾಯಮೂರ್ತಿ ಆದರೆ ಬೇರೆ ಎರಡು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳು ಮತ್ತು ಒಬ್ಬ ಹೈಕೋರ್ಟ್ ನ್ಯಾಯಮೂರ್ತಿ. ತಪ್ಪು ಕಂಡರೆ ರಾಜೀನಾಮೆ ಕೊಡಿ ಅಂತ ಹೇಳುತ್ತಾರೆ. ಒಪ್ಪದಿದ್ದರೆ ಕೇಸು ಕೊಡುವುದು ನಿಲ್ಲಿಸಿ ರಾಷ್ಟ್ರಪತಿ, ಪ್ರಧಾನಿಗೆ ಬರೆಯುತ್ತಾರೆ. ತೆಗೆದುಹಾಕುವ ಅಧಿಕಾರ ಮಾತ್ರ ಇಲ್ಲ.

2025ರಲ್ಲಿ, ಆಗ ದೆಹಲಿ ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದ ಯಶವಂತ್ ವರ್ಮ ಪ್ರಕರಣದಲ್ಲಿ ಇದೇ ನಡೆಯಿತು. ದೆಹಲಿಯ ಮನೆಯಲ್ಲಿ ಮಾರ್ಚ್ 14ರಂದು ಬೆಂಕಿ, ಸುಟ್ಟ ನೋಟಿನ ಆರೋಪ. ಆ ಮೂವರ ಸಮಿತಿಯಲ್ಲಿ ನಮ್ಮ ಹೈಕೋರ್ಟಿನ ಅನು ಶಿವರಾಮನ್ ಇದ್ದರು. ಆರೋಪವನ್ನು ವರ್ಮ ಅಲ್ಲಗಳೆದರು, ಆಂತರಿಕ ವಿಧಾನವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು, ಆಗಸ್ಟ್ 7ಕ್ಕೆ ಆ ಅರ್ಜಿ ವಜಾ. ಮುಂದಿನ ವಾರವೇ ಸ್ಪೀಕರ್ 146 ಸಂಸದರ ಸಹಿ ಇದ್ದ ನಿರ್ಣಯ ಒಪ್ಪಿ 1968ರ ಕಾಯ್ದೆಯ ಸಮಿತಿ ಮಾಡಿದರು. ಅದರಲ್ಲೂ ಇಬ್ಬರು ಕರ್ನಾಟಕದವರು, ಸುಪ್ರೀಂ ಕೋರ್ಟಿನ ಅರವಿಂದ್ ಕುಮಾರ್ ಮತ್ತು ಹಿರಿಯ ವಕೀಲರು ಬಿ.ವಿ. ಆಚಾರ್ಯ.

ಕಾಫಿ ಕಣ, ಮೂಡಿಗೆರೆ

ಆಂತರಿಕ ಅಂದರೆ ಅವರವರೇ ಕೂತು ಅವರವರನ್ನೇ ನೋಡಿಕೊಳ್ಳುವುದು ಅಂತ ತಾನೇ? ತಂಗಿ, ಆ ವರದಿ ನಮಗೆ ಸಿಗುತ್ತದಾ?

ಕರಿಕೋಟು, ಹಾಸನ

ಸಾಮಾನ್ಯವಾಗಿ ಇಲ್ಲ. 2002ರಲ್ಲಿ ಮೈಸೂರಿನ ಕಡೆಯ ರೆಸಾರ್ಟ್ ವಿಷಯದಲ್ಲಿ ನಮ್ಮ ಹೈಕೋರ್ಟಿನ ಕೆಲವರ ಮೇಲೆ ಆರೋಪ ಬಂತು. ಮೂವರ ಸಮಿತಿ ಬಂದು ವಿಚಾರಿಸಿ ಸಾಕ್ಷ್ಯ ಇಲ್ಲ ಅಂತ ಹೇಳಿತು. ವರದಿ ಕೊಡಿ ಅಂತ ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಕೇಳಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಕೊಡುವುದಿಲ್ಲ ಅಂದಿತು, ಅದು ಮುಖ್ಯ ನ್ಯಾಯಮೂರ್ತಿಗಳ ತಿಳಿವಿಗೆ ಮಾತ್ರ ಅಂತ. ನನಗೆ ಇದರಲ್ಲೇ ತಕರಾರು. ಸಾಕ್ಷ್ಯ ಇಲ್ಲದಿದ್ದರೆ ಆರೋಪ ಹೊತ್ತವರಿಗೇ ಆ ವರದಿ ಹೊರಗೆ ಬಂದರೆ ಒಳ್ಳೆಯದು. ಮುಚ್ಚಿಟ್ಟರೆ ನಿರಪರಾಧಿಯ ಮೇಲೂ ಸಂಶಯ ಉಳಿಯುತ್ತದೆ.

ಬದಲಿಸಲು ಪ್ರಯತ್ನ ಆಗಿದೆ. 2010ರ ನ್ಯಾಯಾಂಗ ಹೊಣೆಗಾರಿಕೆ ಮಸೂದೆ 2012ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, 2014ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಸತ್ತುಹೋಯಿತು. 2025ರ ಜನವರಿಯಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳೂ ತನ್ನ ವ್ಯಾಪ್ತಿಗೆ ಬರುತ್ತಾರೆ ಅಂತ ಲೋಕಪಾಲ ಹೇಳಿತು, ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಎಫ್‌ಐಆರ್ ಹಾಕಬೇಕಾದರೂ 1991ರ ವೀರಾಸ್ವಾಮಿ ತೀರ್ಪಿನ ಪ್ರಕಾರ ಮೊದಲು ದೇಶದ ಮುಖ್ಯ ನ್ಯಾಯಮೂರ್ತಿಯನ್ನು ಕೇಳಬೇಕು.

ಶೃಂಗೇರಿ ಕಡೆಯವ

ಹಂಗಾದ್ರೆ ಕೆಳಗಿನವರಿಗೆ ಬೆತ್ತ, ಮೇಲಿನವರಿಗೆ ಬುದ್ಧಿಮಾತು. ಚೆನ್ನಾಗಿದೆ.

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು

ನಗೆಯಾಡಬೇಡಿ, ಅದು ಸುಮಾರು ನಿಜವೇ. ಆದರೆ ಒಂದು ಸಂಗತಿ ಮೇಲಿನವರನ್ನೂ ಬಗ್ಗಿಸಿದೆ, ಅದು ಕ್ಯಾಮೆರಾ. ನಮ್ಮ ಹೈಕೋರ್ಟಿನಲ್ಲಿ 2022ರ ಜನವರಿಯಿಂದ ನೇರಪ್ರಸಾರದ ನಿಯಮ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಒಬ್ಬ ನ್ಯಾಯಮೂರ್ತಿ ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಅಂದಿದ್ದು, ಮಹಿಳಾ ವಕೀಲರಿಗೆ ಆಡಿದ ಮಾತು, ಎರಡರ ವಿಡಿಯೋವನ್ನೂ ಇಡೀ ದೇಶ ನೋಡಿತು. ಯಾರೂ ಅಫಿಡವಿಟ್ ಹಾಕಲಿಲ್ಲ, ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿಯೇ ಕೈಗೆತ್ತಿಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲೇ ವಿಷಾದ ಹೇಳಿದರು, ಕೆಲವೇ ದಿನದಲ್ಲಿ ಮುಗಿಯಿತು. ಈ ಅಮ್ಮನಿಗೆ ಆಗಿದ್ದು ಕ್ಯಾಮೆರಾ ಮುಂದೆ ಆಗಿದ್ದರೆ ನಾವು ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ.

ಹೇಮಾವತಿ ದಡ

ಎಲ್ಲರಿಗೂ ಧನ್ಯವಾದ. ಭಾವನಿಗೂ ಓದಿ ಹೇಳಿದೆ, ಮೂಗರ್ಜಿ ಬಿಟ್ಟಿದ್ದಾರೆ. ಆದರೆ ಕ್ಯಾಮೆರಾ ಇಲ್ಲದ ಕಡೆ ನಾನು ಏನನ್ನು ಆಧಾರ ಅಂತ ಕೊಡಲಿ? ಮುಂದಿನ ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ?

ಕರಿಕೋಟು, ಹಾಸನ

ಅಯ್ಯೋ, ಮೊಬೈಲ್ ಮುಟ್ಟಬೇಡಿ! ಅನುಮತಿ ಇಲ್ಲದೆ ಕೋರ್ಟ್ ಒಳಗೆ ರೆಕಾರ್ಡ್ ಮಾಡಿದರೆ ನೀವೇ ಸಿಕ್ಕಿಬೀಳುತ್ತೀರಿ. ಆ ದಿನದ ಆರ್ಡರ್ ಶೀಟ್ ಮತ್ತು ಅಮ್ಮನ ಸಾಕ್ಷ್ಯದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬೈದಿದ್ದು ಅದರಲ್ಲಿ ಇರುವುದಿಲ್ಲ, ಗೊತ್ತು. ಆದರೆ ಅಮ್ಮ ಆ ದಿನ, ಆ ಹೊತ್ತಿಗೆ ಅಲ್ಲಿ ನಿಂತಿದ್ದರು ಅನ್ನುವುದಕ್ಕೆ ಅದೇ ದಾಖಲೆ. ಕಿವಿ ಮಂದ ಅನ್ನುವುದಕ್ಕೆ ವೈದ್ಯರ ಚೀಟಿ ಇದ್ದರೆ ಸೇರಿಸಿ. ಅಫಿಡವಿಟ್ಟನ್ನು ಅಮ್ಮನೇ ಮಾಡಬೇಕು, ನೀವಲ್ಲ. ಏನು ಮಾತು ಆಡಿದರೋ ಅದೇ ಮಾತು ಬರೆಯಿರಿ, ‘ಅವಮಾನ ಮಾಡಿದರು’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅವತ್ತು ಹಿಂದಿನ ಬೆಂಚಿನಲ್ಲಿ ಬೇರೆ ಕೇಸಿಗೆ ಕಾಯುತ್ತಿದ್ದವರು ಯಾರಾದರೂ ಗೊತ್ತಿದ್ದರೆ ಅವರ ಒಂದು ಅಫಿಡವಿಟ್ ಸಿಕ್ಕಿದರೆ ತೂಕ ಜಾಸ್ತಿ.

ನಿಮ್ಮ ವಕೀಲರಿಗೆ ಹೇಳದೆ ಮಾಡಬೇಡಿ. ದಿನಾ ಅದೇ ಕೋರ್ಟಿನಲ್ಲಿ ನಿಲ್ಲುವವರು, ಸಹಿ ಹಾಕಲು ಹಿಂಜರಿಯಬಹುದು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಒಂದೇ ದಿನ, ಒಂದೇ ಘಟನೆ ಆದರೆ ಹೈಕೋರ್ಟ್ ಕರೆದು ಬುದ್ಧಿ ಹೇಳಿ ಮುಗಿಸಬಹುದು. ನಿಮಗೆ ಅದರ ಪತ್ರವೂ ಬರದೇ ಇರಬಹುದು. ವಜಾ ಆಗುತ್ತಾರೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಕಾಫಿ ಕಣ, ಮೂಡಿಗೆರೆ

ಇದನ್ನು ಒಳ್ಳೆಯ ಮಾತು ಅಂತ ಯಾಕೆ ಅಂದಿರೋ ಗೊತ್ತಾಗಲಿಲ್ಲ ಸಾರ್.

ಕರಿಕೋಟು, ಹಾಸನ

ಯಾಕೆ ಅಂದರೆ, ಆ ಒಂದು ಕಾಗದ ಕಡತದಲ್ಲಿ ಉಳಿಯುತ್ತದೆ. ಮುಂದೆ ಬೇರೆ ಊರಿನಿಂದ ಅದೇ ರೀತಿಯ ಎರಡನೆಯ ದೂರು ಬಂದರೆ ಆಗ ಅದು ಒಂದೇ ಘಟನೆ ಆಗಿರುವುದಿಲ್ಲ.

ನಿವೃತ್ತ ಶಿರಸ್ತೇದಾರ, ಚಿಕ್ಕಮಗಳೂರು

ಕೇಸು ವರ್ಗಾವಣೆ ಅರ್ಜಿಯನ್ನೂ ದೂರನ್ನೂ ಒಂದೇ ದಿನ ಹಾಕಬೇಡಿ. ಕೋರ್ಟ್ ಬದಲಿಸಿಕೊಳ್ಳಲು ದೂರು ಹೂಡಿದ್ದಾರೆ ಅಂತ ಎದುರು ಕಡೆಯವರು ಎತ್ತಿಕಟ್ಟುತ್ತಾರೆ. ಬೇಸಿಗೆ ರಜೆ ಹೊತ್ತಿಗೆ ನ್ಯಾಯಾಧೀಶರ ವರ್ಗಾವಣೆ ಆಗುವುದುಂಟು, ಇವರು ಬಂದು ಎಷ್ಟು ವರ್ಷ ಆಯಿತು ಅಂತ ವಿಚಾರಿಸಿಕೊಳ್ಳಿ. ಹೋಗುವ ಹಂತದಲ್ಲಿದ್ದರೆ ಕೇಸು ಕದಲಿಸುವ ಗೋಜೇ ಬೇಡ.

ಹೇಮಾವತಿ ದಡ

ಆಯಿತು ಸಾರ್. ಸೋಮವಾರ ನಕಲಿಗೆ ಅರ್ಜಿ ಹಾಕುತ್ತೇನೆ. ಅಮ್ಮನನ್ನು ಕೇಳಿದೆ, ನೋಟರಿ ಮುಂದೆ ಬಂದು ಸಹಿ ಹಾಕುತ್ತೇನೆ ಅಂದರು. ಅಫಿಡವಿಟ್ ಇಂಗ್ಲಿಷಿನಲ್ಲೇ ಇರಬೇಕಾ?

ಕರಿಕೋಟು, ಹಾಸನ

ಬೇಡ, ಕನ್ನಡದಲ್ಲೇ ಬರೆಸಿ. ಸಹಿ ಹಾಕುವ ಮೊದಲು ಅಮ್ಮನಿಗೆ ಜೋರಾಗಿ ಓದಿ ಹೇಳಿ, ಹಾಗೆ ಓದಿ ಹೇಳಿದ್ದೀರಿ ಅಂತಲೂ ಕೊನೆಯಲ್ಲಿ ಒಂದು ಸಾಲು ಬರೆಸಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.